ಅಮ್ಮನಿಗೆ ಉಳಿದ ಮಾತು

ಯಾರಿಗಾದರೂ ಏನನ್ನಾದರೂ ಕಲಿಸಿದರೆ, ಅದು ಕಲಿಸಿದವರ ತಲೆಯಿಂದಲೇ ಅಳಿಸಿಹೋಗುತ್ತಿತ್ತು. ಹಾಗಾಗಿ ಶಾಲೆಗಳಿಗೆ ಮೇಷ್ಟ್ರುಗಳೇ ಸಿಗದೆ, ತಾಯಂದಿರು ಮನೆಯಲ್ಲೇ ಕಲಿಸುತ್ತಿದ್ದರು. ದಯಾವತಿ ಅಕ್ಷರ ಕಲಿಸಿಕೊಟ್ಟ ಮೇಲೆ ಬೈಬಲನ್ನು ಮಗಳು ಎಸ್ತೇರಳೇ ಅಮ್ಮನಿಗೆ ಓದಿ ಹೇಳುತ್ತಿದ್ದಳು. ಇವತ್ತು ಕರ್ತನ ಪ್ರಾರ್ಥನೆಯ ಪಾಠ.

“ಅದನ್ನೂ ಕೊಟ್ರೆ ನೀನೇನು ಪ್ರಾರ್ಥನೆ ಮಾಡ್ತೀಯಮ್ಮಾ?”

“ನೀನಿದ್ದೀಯಲ್ಲ, ಬಾಯಿಬಡುಕಿ. ಕೂತ್ಕೋ.”

ಕುಚ್ಚಲಕ್ಕಿ ಬೇಯುವಷ್ಟರಲ್ಲಿ ದಯಾವತಿ ಸಾಲುಸಾಲಾಗಿ ಹೇಳಿಕೊಟ್ಟಳು. ಕೊನೆಯ ಮಾತು ಬಂದಾಗ ತುಟಿ ಬಿಗಿಹಿಡಿದಳು.

“ಮುಗಿದೇ ಇಲ್ವಲ್ಲ!”

“ಅದೊಂದು ನನಗಿರಲಿ, ಮಗಾ.”

ಗಂಜಿಗೆ ಕೂತಾಗ ಎಸ್ತೇರ್ ಕಣ್ಣು ಮುಚ್ಚಿ ಒಂದೂ ತಪ್ಪದೆ ಪ್ರಾರ್ಥಿಸಿದಳು. ದಯಾವತಿಗೆ ಎಲ್ಲವೂ ಹೊಸದು. ಎಷ್ಟು ಚೆಂದದ ಮಾತು ಎಂದುಕೊಂಡಳು. ಮಗಳು ನಿಲ್ಲಿಸಿ, ಕಣ್ಣು ತೆರೆದು ಅವಳ ಮುಖ ನೋಡಿದಳು.

“ಆಮೆನ್,” ಎಂದಳು ದಯಾವತಿ, ಗಟ್ಟಿಯಾಗಿ.