ಮೇಲ್ವಿಚಾರಕನ ಕೆಮ್ಮು

ಮೂರನೆಯ ಚೀಟಿ ಓದಿದೊಡನೆ ಕಂಠದಾನ ಕಲಾವಿದ ಮೊದಲಿನ ಎರಡನ್ನೂ ಜೇಬಿನಿಂದ ತೆಗೆದು ಪಕ್ಕದಲ್ಲಿಟ್ಟು ನೋಡಿದ.

ಚಿತ್ರಮಂದಿರದ ಬಾಗಿಲ ಬಳಿ ಇಟ್ಟಿದ್ದ ಅಭಿಪ್ರಾಯದ ಡಬ್ಬಿಯನ್ನು ಬಿಡುಗಡೆಯ ದಿನದಿಂದ ಅವನೇ ತೆರೆಯುತ್ತಿದ್ದ. ಯಾರೂ ಒಪ್ಪಿಸಿದ ಕೆಲಸವಲ್ಲ, ಹೊಗಳಿಕೆಯ ಚಪಲ. ಸಿಕ್ಕಿದ್ದೆಲ್ಲ ಬೇರೆಯವರ ಪಾಲಿನದು. ‘ಸ್ಫೋಟ ಹೆಚ್ಚು, ಕಥೆ ಕಡಿಮೆ.’ ‘ಇನ್ನೂರು ವರ್ಷ ಕಳೆದರೂ ನಾಯಕಿಯೇ ಪಾತ್ರೆ ತೊಳೆಯಬೇಕೆ?’ ‘ಹಾರುವ ಕಾರಿಗೂ ಟ್ರಾಫಿಕ್ ಜಾಮ್ ತೋರಿಸಿದ್ದು ನೈಜವಾಗಿದೆ.’ ‘ಎ.ಸಿ. ಚೆನ್ನಾಗಿತ್ತು.’

ಇವುಗಳ ನಡುವೆ ದಿನಕ್ಕೊಂದರಂತೆ ಈ ಚೀಟಿ. ಮೂರಕ್ಕೂ ಒಂದೇ ದುಂಡನೆಯ ಕೈಬರಹ.

ಮೊದಲ ದಿನ: ‘ಮೇಲ್ವಿಚಾರಕನ ಧ್ವನಿ ನನಗೆ ಗೊತ್ತು.’ ಎರಡನೆಯ ದಿನ: ‘ಆ ಧ್ವನಿ ಇದ್ದ ಮನೆಯಲ್ಲಿ ಇಪ್ಪತ್ತಮೂರು ವರ್ಷ ಕಳೆದಿದ್ದೇನೆ. ನಾಲ್ಕು ಸಲ ನಕ್ಕಿದ್ದರೆ ಹೆಚ್ಚು.’ ಇವತ್ತು: ‘ಧ್ವನಿ ಕೊಟ್ಟವರೇ, ಇವರನ್ನು ನೀವು ಎಲ್ಲಿ ಕಂಡಿರಿ? ನನಗೆ ತಿಳಿಯಲೇಬೇಕು.’

ಮೇಲ್ವಿಚಾರಕ ಎಂದರೆ ಚಿತ್ರದ ಸರ್ವಾಧಿಕಾರಿ. ಮುಖ ತೋರಿಸುವುದಿಲ್ಲ, ಕಬ್ಬಿಣದ ಶಿರಸ್ತ್ರಾಣದೊಳಗಿಂದ ಧ್ವನಿ ಮಾತ್ರ. ಅವನ ನಗರದಲ್ಲಿ ಪ್ರಜೆಗಳಿಗೆ ದಿನಕ್ಕೆ ಐವತ್ತೇ ಪದ. ಐವತ್ತೊಂದನೆಯದು ಬಾಯಿಗೆ ಬಂದರೆ ತಲೆಯ ಮೇಲೆ ಡ್ರೋನ್ ಬರುತ್ತದೆ. ಇಡೀ ನಗರದ ದೀಪ ಆರಿಸುವ ದೃಶ್ಯಕ್ಕೆ ಬರೆದುಕೊಟ್ಟಿದ್ದ ಮಾತು ‘ಕತ್ತಲಾಗಲಿ’. ಧ್ವನಿಮುದ್ರಣದ ದಿನ ಅದು ಸಪ್ಪೆ ಎನಿಸಿತು. ಕಲಾವಿದ ಎರಡು ಸಲ ಕೆಮ್ಮಿ, ಮೂಗಿನಲ್ಲಿ ಉಸಿರು ಬಿಟ್ಟು, ‘ಯಾರೂ ಇಲ್ಲದ ಕಡೆ ದೀಪ ಯಾರಿಗೆ ಉರೀತಾ ಇದೆ?’ ಎಂದ. ನಿರ್ದೇಶಕರು ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಅಲ್ಲಿಂದ ಮುಂದೆ ಇಡೀ ಪಾತ್ರ ಅದೇ ಧಾಟಿಯಲ್ಲಿ ಹೋಯಿತು. ‘ಕೇಳಿದ್ದಕ್ಕಷ್ಟೇ ಉತ್ತರ.’ ‘ಅರ್ಥ ಆಯ್ತು ಅನ್ನಬೇಡ, ಮಾಡಿ ತೋರಿಸು.’

ಎಲ್ಲವೂ ಕಲಾವಿದನ ತಂದೆಯ ಮಾತು. ಕೆಮ್ಮು ಸಮೇತ.

ತಂದೆ ನಿವೃತ್ತ ಮುಖ್ಯೋಪಾಧ್ಯಾಯರು. ಮನೆಯಲ್ಲಿ, ಅವರ ಬೆನ್ನ ಹಿಂದೆ, ‘ಸುಪ್ರೀಂ ಕೋರ್ಟು’. ಮಗ ಉಪನ್ಯಾಸಕನ ಕೆಲಸ ಬಿಟ್ಟು ಗಂಟಲು ನಂಬಿಕೊಂಡು ಹೊರಟಾಗ ಅವನೊಡನೆ ಮಾತು ಬಿಟ್ಟರು. ಮೂರು ವರ್ಷದ ಮೇಲೆ, ಒಂದೂವರೆ ತಿಂಗಳ ಕೆಳಗೆ, ಇದ್ದಕ್ಕಿದ್ದಂತೆ “ಊಟ ಆಯ್ತಾ?” ಎಂದಿದ್ದರು. ಆ ಎರಡು ಪದಕ್ಕೆ ಮಗ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿಟ್ಟು, ಅತ್ತಿದ್ದ. ಈಗ ವಾರಕ್ಕೆ ಎಂಟು ಹತ್ತು ವಾಕ್ಯದವರೆಗೆ ಬಂದಿತ್ತು. ಚಿತ್ರದಲ್ಲಿ ತನ್ನದು ನಾಯಕನ ಗೆಳೆಯನ ಧ್ವನಿ ಎಂದು ಮನೆಯಲ್ಲಿ ಸುಳ್ಳು ಹೇಳಿದ್ದ. ನಿಜ ಹೊರಬಿದ್ದರೆ ಆ ವಾಕ್ಯಗಳೂ ಹೋದವು. ಈ ಸಲ ಮೂರು ವರ್ಷಕ್ಕೆ ಮುಗಿಯುವಂಥದಲ್ಲ.

ಯಾರು ಈ ಗೂಢಚಾರ? ಇಪ್ಪತ್ತಮೂರು ವರ್ಷ ಆ ಮನೆಯಲ್ಲಿದ್ದು ಮದುವೆಯಾಗಿ ಹೋದವಳು ಅಕ್ಕ. ಫೋನ್ ಮಾಡಿದ.

“ನಾನ್ಯಾಕೋ ಚೀಟಿ ಬರೀಲಿ? ಸಿನಿಮಾ ಇನ್ನೂ ನೋಡೇ ಇಲ್ಲ,” ಎಂದಳು. ವಿಷಯವೇನೆಂದು ಅವನ ಬಾಯಿ ಬಿಡಿಸಿದ ಮೇಲೆ ದನಿ ತಗ್ಗಿಸಿದಳು. “ನೋಡು, ನೀನು ನನಗೆ ಫೋನ್ ಮಾಡಿಲ್ಲ. ನಾನು ಏನೂ ಕೇಳಿಸಿಕೊಂಡಿಲ್ಲ.”

ಅಮ್ಮನ ಮೇಲೂ ಅನುಮಾನಪಟ್ಟ. ಸುತ್ತಿ ಬಳಸಿ ವಿಚಾರಿಸಿದ. ಮಧ್ಯಾಹ್ನ ನಿಮ್ಮಪ್ಪ ಗ್ರಂಥಾಲಯಕ್ಕೆ ಹೋದ ಮೇಲೆ ಸಿಗುವುದೇ ಮೂರು ಗಂಟೆಯ ನಿದ್ದೆ, ಅದನ್ನು ಬಿಟ್ಟು ಸಿನಿಮಾಕ್ಕೆ ಹೋಗಲು ನನಗೇನು ತಲೆ ಕೆಟ್ಟಿದೆಯೇ ಎಂದು ಅಮ್ಮ ಮಗ್ಗುಲಾದಳು.

ನಾಲ್ಕನೆಯ ದಿನ ಚೀಟಿಗಳನ್ನು ಹಿಡಿದು, ಟಿಕೆಟ್ ಹರಿಯುವ ಹೆಂಗಸಿನ ಹತ್ತಿರ ಹೋದ. ಆಕೆ ನೋಡಿದ ಕೂಡಲೇ ನಕ್ಕಳು. ಅಕ್ಷರ ಅವಳದೇ.

“ಒಬ್ಬರು ಹಿರಿಯರು ಹೇಳ್ತಾರೆ, ನಾನು ಬರ್ಕೊಡ್ತೀನಿ. ದಿನಾ ಮ್ಯಾಟಿನಿ. ಕನ್ನಡಕ ರಿಪೇರಿಗೆ ಹೋಗಿದೆಯಂತೆ. ಈ ಸಿನಿಮಾಕ್ಕೆ ಕಿವಿ ಸಾಕಮ್ಮ ಅಂತಾರೆ. ಈಗ ತಾನೇ ಒಳಗೆ ಹೋದ್ರು. ಇವತ್ತು ಕನ್ನಡಕ ಹಾಕ್ಕೊಂಡೇ ಬಂದಿದ್ದಾರೆ.”

ಆ ಕನ್ನಡಕವನ್ನು ಅಂಗಡಿಗೆ ಕೊಟ್ಟು, ಬೆಳಿಗ್ಗೆ ಮನೆಗೆ ತಂದುಕೊಟ್ಟವನು ಕಲಾವಿದನೇ. ಕನ್ನಡಕವಿಲ್ಲದೆ ಅಪ್ಪ ಮೂರು ದಿನ ಗ್ರಂಥಾಲಯದಲ್ಲಿ ಏನು ಓದಿದರೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಇಪ್ಪತ್ತಮೂರು ವರ್ಷ ಎಂಬುದೊಂದು ಮಾತ್ರ ತಾಳೆಯಾಗಲಿಲ್ಲ. ಚುಚ್ಚುಮಾತಿರಬೇಕು ಎಂದುಕೊಂಡ, ಸುಪ್ರೀಂ ಕೋರ್ಟು ತೀರ್ಪಿಗೆ ಮೊದಲು ಆರೋಪಿಯನ್ನು ಹೀಗೆಯೇ ಬೇಯಿಸುತ್ತದೆ.

ಕತ್ತಲಲ್ಲಿ ತಡವರಿಸುತ್ತ ಹೋಗಿ, ಅಪ್ಪನಿಗಿಂತ ಮೂರು ಸಾಲು ಹಿಂದೆ ಕುಳಿತ. ತೆರೆಯ ಮೇಲೆ ಮೇಲ್ವಿಚಾರಕ ಎರಡು ಸಲ ಕೆಮ್ಮಿದ. ಸಭಾಂಗಣ ಉಸಿರು ಬಿಗಿಹಿಡಿಯಿತು. ಒಬ್ಬರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ಹೀಗೆ ನಗಬಲ್ಲರೆಂಬುದೇ ಮಗನಿಗೆ ಗೊತ್ತಿರಲಿಲ್ಲ. ಗುಂಡಿನ ಮಳೆಗಿಂತ ಆ ನಗುವೇ ಅವನನ್ನು ಹೆಚ್ಚು ಹೆದರಿಸಿತು.

ಚಿತ್ರ ಮುಗಿಯಿತು. ಜನ ಎದ್ದರು. ಅಪ್ಪ ಏಳಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಓಡುತ್ತಿದ್ದ ಹೆಸರುಗಳನ್ನು ಒಂದೊಂದಾಗಿ ಓದಿದರು. ಮೇಲ್ವಿಚಾರಕನ ಧ್ವನಿ ಯಾರದೆಂಬ ಸಾಲು ಬಂತು, ಹೋಯಿತು. ದೀಪ ಹತ್ತಿದಾಗ ತಿರುಗಿದರು, ಮಗನನ್ನು ಕಂಡರು, ಪಕ್ಕದ ಸೀಟನ್ನು ತಟ್ಟಿ ಕರೆದರು.

ಮಗ ಕುಳಿತ. “ತಪ್ಪಾಯ್ತಪ್ಪ,” ಎಂದ.

ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗು ಇನ್ನೂ ನಿಂತಿರಲಿಲ್ಲ. ಮಗನ ಭುಜ ಹಿಡಿದು ಅಲುಗಾಡಿಸಿದರು.

“ಥೇಟ್ ನಿಮ್ಮ ತಾತ ಕಣೋ, ಆ ಕೆಮ್ಮು ಸಮೇತ. ಆದ್ರೆ ನೀನು ಹುಟ್ಟೋಕೆ ಮುಂಚೇನೇ ಅವರು ತೀರ್ಕೊಂಡ್ರು. ನನ್ನ ಮಕ್ಕಳ ಹತ್ರ ಒಂದು ದಿನಾನೂ ಹಾಗೆ ಮಾತಾಡಲ್ಲ ಅಂತ ಅವತ್ತೇ ಆಣೆ ಇಟ್ಟೆ, ಮಾತಾಡಿಯೂ ಇಲ್ಲ. ಹೇಳು, ನಿನ್ನ ಕಿವಿಗೆ ಇದು ಎಲ್ಲಿ ಬಿತ್ತು?”