ಎಂಬತ್ಮೂರನೇ ಸಾಲು

"ಎಂಬತ್ಮೂರನೇ ಸಾಲು ಅಳಿಸಿಬಿಡಮ್ಮ. ಅದೊಂದರಿಂದ ಸರಾಸರಿಯೆಲ್ಲ ಅಡ್ಡಾದಿಡ್ಡಿ ಆಗ್ತಿದೆ," ಎಂದರು ಪ್ರೊಫೆಸರ್ ಮೇಡಂ ಫೋನಿನಲ್ಲಿ. ಒಂಟಿತನದ ಬಗ್ಗೆ ಇನ್ನೂರು ಜನ ತುಂಬಿಕೊಟ್ಟ ಪ್ರಶ್ನಾವಳಿ ಸಂಶೋಧಕಿಯ ಕಂಪ್ಯೂಟರಿನಲ್ಲಿತ್ತು, ಒಬ್ಬೊಬ್ಬರ ಉತ್ತರಕ್ಕೆ ಒಂದೊಂದು ಸಾಲು. ಸಾಫ್ಟ್‌ವೇರ್ ಬಿಡಿಸಿದ ನಕ್ಷೆಯಲ್ಲಿ ಉಳಿದವರೆಲ್ಲ ಒತ್ತೊತ್ತಾದ ಚುಕ್ಕಿಗಳಾಗಿದ್ದರು. ಎಂಬತ್ಮೂರನೇ ಸಾಲಿನವರು ಮಾತ್ರ ದೂರದಲ್ಲೊಂದು ಚುಕ್ಕಿ.

ಅಳಿಸುವ ಮುನ್ನ ಅವಳು ಆ ಸಾಲನ್ನು ಪೂರ್ತಿ ಓದಿದಳು. ಉಳಿದವರು ಹತ್ತು ನಿಮಿಷದಲ್ಲಿ ಮುಗಿಸಿದ್ದನ್ನು ತುಂಬಲು ಇವರು ಮೂರು ಗಂಟೆ ತೆಗೆದುಕೊಂಡಿದ್ದರು. ಕಳೆದ ವಾರ ಎಷ್ಟು ಜನರೊಡನೆ ಮಾತಾಡಿದಿರಿ ಎಂಬಲ್ಲಿ ಸೊನ್ನೆ. ಬೇರೆಲ್ಲರೂ ಖಾಲಿ ಬಿಟ್ಟಿದ್ದ ಕೊನೆಯ ಜಾಗದಲ್ಲಿ ಹೀಗೆ ಬರೆದಿದ್ದರು: "ಇನ್ನೇನಾದರೂ ಕೇಳುವುದಿದ್ದರೆ ಕೇಳಿ, ನನಗೇನೂ ಅವಸರವಿಲ್ಲ." ಹೆಸರಿಲ್ಲ, ಫೋನ್ ನಂಬರಿಲ್ಲ. ಅವನ್ನು ಕೇಳಬಾರದೆಂದು ನಿಯಮ ಮಾಡಿದ್ದು ಅವಳೇ.

"ಅಳಿಸಿದ್ಯಾ?"

"ಇಲ್ಲ ಮೇಡಂ. ಅವರು ತಪ್ಪೇನೂ ತುಂಬಿಲ್ಲ. ಇರಲಿ."

"ಸರಿ, ಇರಲಿ ಬಿಡು. ಯಾಕೆ ಇಟ್ಕೊಂಡೆ ಅಂತ ಎರಡು ಸಾಲು ಬರೆದಿಡು. ಫೋನ್ ಇಡ್ಲಾ?"

ಎರಡು ವರ್ಷದಿಂದ ಕೆಲಸದ ಮಾತು ಮುಗಿಯುತ್ತಲೇ 'ಸರಿ ಮೇಡಂ' ಎಂದು ಫೋನ್ ಇಟ್ಟುಬಿಡುವುದು ಅವಳ ರೂಢಿ. ಲ್ಯಾಬಿನಲ್ಲಿ ಇನ್ನೊಬ್ಬರಿರಲಿಲ್ಲ. ಬೆಳಿಗ್ಗೆಯಿಂದ ಅವಳು ಬಾಯಿ ಬಿಟ್ಟಿದ್ದೇ ಈಗ.

"ಒಂದು ನಿಮಿಷ ಮೇಡಂ," ಎಂದಳು. "ನಿಮ್ದು ಊಟ ಆಯ್ತಾ?"