ಸಮಪಾಲಿನ ಅಂಟು

"ಯಾವ ಅಂಟು ಹಚ್ಚಿದೆ? ಮೊದಲು ಅದನ್ನ ಹೇಳು!"

ತಂಗಿ ಗದರಿದಳು. ಅಣ್ಣ ಅವಳ ಕೈಯಲ್ಲಿದ್ದ ಪಿಟೀಲನ್ನೇ ನೋಡುತ್ತ ನಿಂತ. ತೀರಿಹೋದ ಅಪ್ಪನ ಪಿಟೀಲು ಅದು. ಆರು ತಿಂಗಳು ಅವಳಲ್ಲಿ, ಆರು ತಿಂಗಳು ತನ್ನಲ್ಲಿ ಇರಬೇಕೆಂದು ತೀರ್ಮಾನ ಮಾಡಿದವನೂ ಅವನೇ. ಕಸುಬಿನಲ್ಲಿ ದರ್ಜಿ, ಬಟ್ಟೆ ಹಾಗಿರಲಿ, ಬಿಸ್ಕತ್ತನ್ನೂ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗದಂತೆ ಮುರಿದು ಹಂಚುವ ಆಸಾಮಿ. ಇವತ್ತು ತನ್ನ ಸರದಿಯೆಂದು ಪಿಟೀಲು ಒಯ್ಯಲು ಅವಳ ಅಂಗಡಿಗೆ ಬಂದಿದ್ದ.

ತಂಗಿಯ ಕಸುಬು ವಾದ್ಯ ರಿಪೇರಿ. ಕೊಡುವ ಮುನ್ನ ಶ್ರುತಿ ಮಾಡೋಣವೆಂದು ಅವಳು ಕಮಾನು ಎಳೆದರೆ ಪಿಟೀಲು ಹಾಡುವ ಬದಲು ಗೊರ್ರೆಂದಿತು. ದೀಪದ ಕೆಳಗೆ ಹಿಡಿದು ನೋಡಿದಳು. ಮೇಲಿನ ಹಲಗೆಯೂ ಪಕ್ಕದ ಪಟ್ಟಿಯೂ ಕೂಡುವ ಕಡೆ ಗಾಜಿನಂಥ ಹೊಳಪು. ಅದು ಅವಳು ಹಚ್ಚುವ ಅಂಟಲ್ಲ. ಅಣ್ಣನ ಮೇಲೆ ರೇಗಿದ್ದು ಆಗಲೇ.

"ಹೋದ ವಾರ ನೀನು ಊರಲ್ಲಿರಲಿಲ್ಲವಲ್ಲ, ಪುಟ್ಟಿ," ಅಣ್ಣ ಒಪ್ಪಿಕೊಂಡ. "ಒಂದ್ಸಲ ನೋಡೋಣ ಅಂತ ನನ್ನ ಹತ್ರ ಇರೋ ಕೀಲೀಲಿ ಬೀಗ ತೆಗೆದು ಬಂದು ಗೋಡೆಯಿಂದ ಇಳಿಸ್ದೆ. ಅಂಚು ಮೇಜಿಗೆ ತಗುಲಿ ಸಂದು ಬಿಟ್ಕೊಂಡ್ತು. ನಿನಗೆ ಯಾಕೆ ಬೇಜಾರು ಅಂತ... ಅಲ್ಲೇ ಇತ್ತಲ್ಲ, ಎರಡು ಟ್ಯೂಬಿನ ಅಂಟು. ಚೆನ್ನಾಗಿ ಕಲಸಿ ಹಚ್ಚಿ, ಬಟ್ಟೆ ಸುತ್ತಿ ಒಂದು ರಾತ್ರಿ ಬಿಗಿದಿಟ್ಟೆ."

ತಂಗಿ ಸ್ಟೂಲು ಎಳೆದುಕೊಂಡು ಕೂತಳು. ವಾದ್ಯದ ಪೆಟ್ಟಿಗೆಗಳ ಕಬ್ಬಿಣದ ಹಿಡಿ ಕಿತ್ತು ಬಂದಾಗ ಹಚ್ಚಲು ಅವಳು ಇಟ್ಟುಕೊಂಡಿದ್ದ ಅಂಟು ಅದು.

"ಅಯ್ಯೋ ಪುಣ್ಯಾತ್ಮ! ನಾನು ಹಚ್ಚೋದು ಬರೀ ಬೆರಕೆ ಕಣಣ್ಣ. ಒಂದಿಷ್ಟು ಅಂಟು, ಒಂದಿಷ್ಟು ನೀರು, ಅಷ್ಟೆ. ನೀರು ಆರಿದ್ರೆ ಹಿಡ್ಕೊಳ್ಳುತ್ತೆ, ಬಿಸಿನೀರು ತೋರಿಸಿದ್ರೆ ಮತ್ತೆ ಬಿಡುತ್ತೆ. ಅಪ್ಪ ಇದನ್ನ ಎಷ್ಟು ಸಲ ಬಿಚ್ಚಿಸಿ ರಿಪೇರಿ ಮಾಡಿಸಿಲ್ಲ! ಆ ಟ್ಯೂಬುಗಳು ಹಾಗಲ್ಲ. ಎರಡೂ ಕೂಡಿದ ಮೇಲೆ ಅದೂ ಇರಲ್ಲ, ಇದೂ ಇರಲ್ಲ, ಮೂರನೇದೇ ಒಂದು ಹುಟ್ಟಿಬಿಡುತ್ತೆ. ತಲೆಕೆಳಗಾಗಿ ನಿಂತ್ರೂ ಅದನ್ನ ಮತ್ತೆ ಬೇರೆ ಮಾಡೋಕಾಗಲ್ಲ. ಇನ್ನು ಬಿಚ್ಚೋಕೆ ಹೋದ್ರೆ ಅಂಟು ಬಿಡಲ್ಲ, ಮರಾನೇ ಸೀಳುತ್ತೆ."

ಅಣ್ಣನ ಮುಖ ಬಿಳಿಚಿಕೊಂಡಿತು. "ಗಟ್ಟಿಯಾಗಿ ಹಿಡೀಲಿ ಅಂತ ಹಚ್ಚಿದೆ ಕಣೇ."

"ಗಟ್ಟಿಯಾಗಿ ಹಿಡೀತಲ್ಲ, ಸಂತೋಷಪಡು..." ಎಂದವಳು ತಟ್ಟನೆ ನಿಲ್ಲಿಸಿದಳು. ಗಟ್ಟಿಯಾಗಿ ಹಿಡಿದಿದ್ದರೆ ಅದು ಗೊರ್ರೆನ್ನುವುದೇಕೆ? ತೆಳು ಚಾಕು ತೆಗೆದುಕೊಂಡು ಸಂದಿನೊಳಗೆ ಮೆಲ್ಲಗೆ ತೂರಿಸಿದಳು. ಚಾಕು ಜೇನಿನಲ್ಲಿ ಇಳಿದಂತೆ ಇಳಿಯಿತು. ಹೊರಗೆ ಎಳೆದಾಗ ಅಂಟು ನೂಲುನೂಲಾಗಿ ಹಿಂದೆಯೇ ಬಂತು.

"ಯಾವ್ಯಾವ ಟ್ಯೂಬು ಕಲಸಿದೆ? ತೋರಿಸು."

ಅಣ್ಣ ಮೇಜಿನ ಖಾನೆಯಿಂದ ಎರಡು ಟ್ಯೂಬು ತೆಗೆದು ಮುಂದಿಟ್ಟ. ಎರಡಕ್ಕೂ ಕೆಂಪು ಮುಚ್ಚಳ.

"ಎರಡು ಡಬ್ಬಿ ಇದ್ವು. ಒಂದರದ್ದೇ ಎರಡೂ ಟ್ಯೂಬು ತೆಗೆದ್ರೆ ಅದೊಂದೇ ಖರ್ಚಾಗುತ್ತಲ್ಲ? ಅದಕ್ಕೇ ಆ ಡಬ್ಬಿಯಿಂದ ಒಂದು, ಈ ಡಬ್ಬಿಯಿಂದ ಒಂದು ತಗೊಂಡೆ."

ತಂಗಿ ಅವನ ಮುಖ ನೋಡಿದಳು, ಟ್ಯೂಬು ನೋಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ಅಣ್ಣಾ, ಎರಡೂ ಒಂದೇ ಕಣೋ! ಗಟ್ಟಿ ಮಾಡೋದು ಪ್ರತಿ ಡಬ್ಬೀಲೂ ಇರೋ ಬಿಳಿ ಮುಚ್ಚಳದ್ದು. ನೀನು ಅದನ್ನ ಮುಟ್ಟೇ ಇಲ್ಲ. ಅಂಟಿಗೆ ಅದೇ ಅಂಟನ್ನ ಕಲಸಿ ಕೂತಿದೀಯ. ಇದು ವರ್ಷ ಕಳೆದ್ರೂ ಗಟ್ಟಿಯಾಗಲ್ಲ, ಒರೆಸಿದ್ರೆ ಹೋಗುತ್ತೆ!"

ಅಣ್ಣನಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ಇದ್ದ ಚೆಂಬಿನ ನೀರನ್ನು ಗಟಗಟನೆ ಕುಡಿದ.

ತಂಗಿ ಹತ್ತಿಗೆ ಸ್ಪಿರಿಟ್ಟು ಸೋಕಿಸಿ, ಪಾಲಿಶಿಗೆ ತಾಗದಂತೆ, ಸಂದನ್ನು ಚೊಕ್ಕಟವಾಗಿ ಒರೆಸಿದಳು. ಆಮೇಲೆ ತನ್ನ ಹಳೆಯ ಅಂಟಿನ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಹಚ್ಚಿ, ಆರುವ ತನಕ ಅದುಮಿ ಹಿಡಿಯುವ ತಿರುಪುಗಳನ್ನು ಪಿಟೀಲಿನ ಸುತ್ತ ಬಿಗಿದಳು. ಅಣ್ಣ ಪಕ್ಕದಲ್ಲಿ ದೀಪ ಹಿಡಿದು ನಿಂತಿದ್ದ.

ಅಂಟು ಆರಲೆಂದು ಪಿಟೀಲನ್ನು ಅಲ್ಲೇ ಬಿಟ್ಟು, ನಾಳೆ ಬಂದು ಒಯ್ಯುವೆನೆಂದು ಅವನು ಹೊರಟಾಗ ಬಿಳಿ ಮುಚ್ಚಳದ ಟ್ಯೂಬು ಎರಡನ್ನೂ ಅವನ ಕೈಗಿಟ್ಟಳು. "ಇವು ನಿನ್ನ ಮನೇಲಿರ್ಲಿ, ಕೆಂಪು ಎರಡೂ ನನ್ನ ಹತ್ರ ಇರ್ಲಿ. ಕೆಂಪು ಬಿಳಿ ಎರಡೂ ಒಂದೇ ಸೂರಿನಡಿ ಇರೋವರೆಗೆ ನನಗೆ ನೆಮ್ಮದಿ ಇಲ್ಲ."

ಅಣ್ಣ ಟ್ಯೂಬುಗಳನ್ನು ಅಂಗೈಯಲ್ಲಿ ತೂಗಿ ನೋಡಿದ. ಹೊಸಲು ದಾಟಿದವನು ಮತ್ತೆ ಹಿಂತಿರುಗಿದ.

"ಅಲ್ವೇ ಪುಟ್ಟಿ, ನಿನ್ನವು ಎರಡೂ ಖರ್ಚಾಗಿವೆ, ನನ್ನವು ಎರಡೂ ತುಂಬಿವೆ. ಇದು ಸರಿಹೋಗಲ್ಲ. ಆ ಲೆಕ್ಕಕ್ಕೆ ಪಿಟೀಲು ಇನ್ನೊಂದು ವಾರ ನಿನ್ನ ಹತ್ರಾನೇ ಇರ್ಲಿ."